ಭಾನುವಾರದ ಚೇಳು

ನಮ್ಮ ವಾತ್ಯಾರ, ಅಂದರೆ ಮೇಷ್ಟರ, ಎಡಗೈ ಗೆಣ್ಣುಗಳು ಒಂದು ಸೋಮವಾರ ಬೋಂಡದ ಹಾಗೆ ಊದಿದ್ದವು. ಯಾಕೆ, ಊಹಿಸಿ ನೋಡೋಣ? ಬಿದ್ದರು ಅಂತೀರಾ? ಇಲ್ಲ. ಗೋಲಿ ಇದ್ದ ಊರಲ್ಲಿ ಇಂಥವು ಆಗುತ್ತಲೇ ಇರುತ್ತವೆ.

೧. ಸೋಮವಾರದ ಸಾಲು

ತಮಿಳು ಸೀಮೆಯ ನಮ್ಮ ಕೊಳತ್ತೂರಿನ ಕಡೆ ಗೋಲಿಯಲ್ಲಿ ಸೋತವನು ಎಡಗೈ ಮುಷ್ಟಿ ನೆಲಕ್ಕೂರಬೇಕು. ಗೆದ್ದವನು ಗೆಣ್ಣಿಗೆ ಮೂರು ಸಲ ಗೋಲಿ ಹೊಡೆಯುತ್ತಾನೆ. ಭಾನುವಾರವೆಲ್ಲ ನಮಗೆ ಇದೇ ಆಟ, ವಾತ್ಯಾರಿಗೆ ಇದು ಗೊತ್ತು. ಸೋಮವಾರ ಬೆಳಿಗ್ಗೆ ಎಲ್ಲರ ಎಡಗೈ ನೋಡುವರು. ಊದಿದ್ದರೆ ಬೆತ್ತ. ನಮ್ಮ ಕ್ಲಾಸಿನ ಮಹಾ ಗೋಲಿಕೋರನ ಕೈ ಮಾತ್ರ ಸದಾ ನುಣ್ಣಗೆ. ಅವನು ಸೋತರೆ ತಾನೆ! "ಇವನನ್ನ ನೋಡಿ ಕಲೀರಿ, ಗೋಲಿ ಮುಟ್ಟೋದೇ ಇಲ್ಲ" ಎಂದು ಅವನನ್ನೇ ಲೀಡರ್ ಮಾಡಿದರು.

೨. ಬಟ್ಟೆ ಸುತ್ತಿದ ಕೈ

ನಾನೊಮ್ಮೆ ಗೆಣ್ಣಿಗೆ ಬಟ್ಟೆ ಸುತ್ತಿಕೊಂಡು ಹೋದೆ.

"ಚೇಳು ಕಡೀತು ಸಾರ್."

"ಹೋದ ವಾರ?"

"ಅದೂ ಚೇಳೇ ಸಾರ್."

"ಭಾನುವಾರವೂ ಲೀವು ಹಾಕದೆ ಕೆಲಸ ಮಾಡೋ ಚೇಳು! ನಿಮ್ಮಪ್ಪನ ಹತ್ರ ಬಂದೇ ವಿಚಾರಿಸ್ತೀನಿ, ಇರು."

ಅಪ್ಪ ಆಗಲೇ ಹೇಳಿದ್ದ, "ವಾತ್ಯಾರು ಇನ್ನೊಂದು ದೂರು ಯೋಳ್ಲಿ, ನಿನ್ನ ಸ್ಕೂಲು ಮುಗೀತು. ಕುರಿ ಹಿಂದೆ ಓಗು."

೩. ಹಟ್ಟಿಯಲ್ಲಿ ಆಟ

ಭಾನುವಾರ ವಾತ್ಯಾರು ನಮ್ಮ ಹಟ್ಟಿಗೆ ಬಂದೇಬಿಟ್ಟರು. ಗೋಲಿ, ಗುಳಿ, ಗೆಣ್ಣಿನ ಪೆಟ್ಟು, ಎಲ್ಲ ವಿವರಿಸಿದರು. ಅಪ್ಪ, "ಅದೇನಂಥಾ ಕೆಟ್ಟಾಟ, ತೋರ್ಸಿ ವಾತ್ಯಾರೇ" ಅಂದ. ಅವರು ನನ್ನ ಗೋಲಿ ಇಸಿದುಕೊಂಡು, ಉಟ್ಟ ವೇಷ್ಟಿ ಎತ್ತಿಕಟ್ಟಿ, ಮಂಡಿಯೂರಿ, ಹತ್ತಡಿ ದೂರದ ಇನ್ನೊಂದು ಗೋಲಿಯನ್ನು ಟಣ್ ಎನಿಸಿದರು! ಮುಖ ಅರಳಿತು. "ನಮ್ಮೂರು ಓಮಲೂರಲ್ಲಿ ನನ್ನ ಸೋಲಿಸಿದೋನೇ ಇಲ್ಲ."

"ಅಂಗಾರೆ ಇವನ ಮೇಲೆ ಆಡಿ. ಇವನು ಗೆದ್ರೆ ಸ್ಕೂಲು, ಸೋತ್ರೆ ಕುರಿ."

ಆಟದ ಕೊನೆಗೆ ನನ್ನ ಗೋಲಿ ಗುಳಿಯ ಬಾಯಲ್ಲಿತ್ತು, ಒಳಗೆ ಬಿದ್ದರೆ ಗೆಲುವು. ವಾತ್ಯಾರು ಅದಕ್ಕೇ ಗುರಿಯಿಟ್ಟರು. ಕಣ್ಣು ಮುಚ್ಚಿದೆ. ಸದ್ದೇ ಇಲ್ಲ. ತೆರೆದು ನೋಡಿದರೆ ಅವರ ಗೋಲಿ ಗೇಣು ದೂರ ಸರಿದು ಕುರಿಹಿಕ್ಕೆಯಲ್ಲಿ ಕೂತಿದೆ! ಬೇಕಂತಲೇ ತಪ್ಪಿಸಿದರೋ ಏನೋ, ಇವತ್ತಿಗೂ ಗೊತ್ತಿಲ್ಲ. ನನ್ನದನ್ನು ಗುಳಿಗೆ ತಳ್ಳಿ ಗೆದ್ದೆ.

ಉಸಿರು ಬಿಡುವಷ್ಟರಲ್ಲಿ ಅಪ್ಪ, "ಸೋತೋರು ಕೈ ಊರ್ಬೇಕು ಅಂತ ನೀವೇ ಯೋಳಿದ್ರಲ್ಲಾ?" ಅಂದ.

ಹೊಡೆದರೆ ನಾಳೆ ಬೆತ್ತ, ಬಿಟ್ಟರೆ ಅಪ್ಪ. ವಾತ್ಯಾರು ಮುಷ್ಟಿ ಊರಿ ಪಿಸುಗುಟ್ಟಿದರು, "ಮೆತ್ತಗೆ ಡಾ, ತಂಬಿ." ಮೆತ್ತಗೇ ಹೊಡೆಯೋಣ ಅಂದುಕೊಂಡಿದ್ದೆ. ಆದರೆ ಬೆರಳಿಗೆ ಒಂದು ವರ್ಷದ ಸೋಮವಾರಗಳೆಲ್ಲ ನೆನಪಾದವು.

ಮಾರನೇ ಬೆಳಿಗ್ಗೆ ಸಾಲಾಗಿ ಎಡಗೈ ಚಾಚಿ ನಿಂತೆವು. ವಾತ್ಯಾರ ಎಡಗೈಗೆ ಟವಲು ಸುತ್ತಿತ್ತು. ಲೀಡರ್ ಕೇಳಿಯೇಬಿಟ್ಟ, "ಕೈಗೇನಾಯ್ತು ಸಾರ್?"

ವಾತ್ಯಾರು ನನ್ನನ್ನೇ ನೋಡಿದರು.

"ಚೇಳು" ಅಂದರು.

ಆ ಚೇಳು ಕಡಿದ ಭಾನುವಾರ ಯಾವುದು ಗೊತ್ತೇ? ಎಪ್ಪತ್ತೊಂದನೇ ಇಸವಿ, ಸೆಪ್ಟೆಂಬರ್ ಐದು. ಶಿಕ್ಷಕರ ದಿನ!