ರಿಬ್ಬನ್ ಕತ್ತರಿಸುವವರೆಗೆ ರ‍್ಯಾಂಪ್ ಹತ್ತದಿರುವ ಬಗ್ಗೆ

ದೇಹದಾರ್ಢ್ಯ ಹಾಗೂ ಉದ್ಘಾಟನಾ ಇಲಾಖೆ
ವಿಮಾನ ನಗರ, ಪುಣೆ

ಸಂಖ್ಯೆ: ದೇ.ಉ.ಇ/ರ‍್ಯಾಂಪ್/ಬಾಕಿ
ದಿನಾಂಕ: ಸಾಹೇಬರಿಗೆ ಪೆನ್ನು ಸಿಕ್ಕ ದಿನ

ವಿಷಯ: ಇಲಾಖೆಯ ಜಿಮ್ಮನ್ನು ವಿಕಲಚೇತನರಿಗೆ ಮುಕ್ತಗೊಳಿಸಿ, ಮುಕ್ತಗೊಳಿಸಿದ ದಾರಿಯನ್ನು ಮುಚ್ಚಿಡುವ ಕುರಿತು.

ಉಲ್ಲೇಖ: ಶಿವಕಾಂತಾ ಎಂಬುವರ ಅರ್ಜಿ, ಅದರ ನೆನಪೋಲೆ, ಹಾಗೂ ಬಾಗಿಲಲ್ಲಿ ಅವರು ಹಾಕಿದ ಕೂಗು.

ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲಿನ ಬಲ ಕಳೆದುಕೊಂಡ ಸದರಿ ಶಿವಕಾಂತಾ ಅವರಿಗೆ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ನಿಗದಿಯಾಗಿರುತ್ತದೆ. ಗಾಲಿಕುರ್ಚಿಯಿಂದ ತಾವೇ ರಿಕ್ಷಾ ಹತ್ತುವಷ್ಟು ತೋಳಿನ ಬಲ ಬಂದರೆ ಕೆಲಸ, ಇಲ್ಲವಾದರೆ ಇಲ್ಲ. ಇದನ್ನು ಗಂಭೀರವಾಗಿ ಪರಿಗಣಿಸಿ ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟಿಸಲಾಗಿದೆ. ಆದರೆ ಮುಖ್ಯ ಅತಿಥಿಗಳ ಬಿಡುವು ಸಿಗದೆ ಉದ್ಘಾಟನೆ ಆಗಿಲ್ಲ. ಆದಕಾರಣ ಸಂಬಂಧಪಟ್ಟವರಿಗೂ ಪಡದವರಿಗೂ ತಿಳಿಸುವುದೇನೆಂದರೆ:

1. ಕೆಂಪು ರಿಬ್ಬನ್ ಕತ್ತರಿಸುವವರೆಗೆ ರ‍್ಯಾಂಪನ್ನು ರ‍್ಯಾಂಪ್ ಎಂದು ಕರೆಯತಕ್ಕದ್ದಲ್ಲ. ಅದು ಸದ್ಯಕ್ಕೆ ಸುಸ್ತಾಗಿ ಒರಗಿರುವ ಗೋಡೆ.

2. ಅಲ್ಲಿಯವರೆಗೆ ಗಾಲಿಕುರ್ಚಿಯವರು ಮೆಟ್ಟಿಲು ಹತ್ತಿ ಬರತಕ್ಕದ್ದು. ಹತ್ತಲಾಗದವರು ಹತ್ತಲಾಗುವುದಿಲ್ಲವೆಂದು ಮೇಲಿನ ಮಹಡಿಯ ಕಚೇರಿಗೆ ಖುದ್ದಾಗಿ ಬಂದು ತೋರಿಸತಕ್ಕದ್ದು. ಬಂದವರ ಅರ್ಜಿಯನ್ನು, ಬಂದೇಬಿಟ್ಟಿದ್ದಾರಲ್ಲ ಎಂಬ ಕಾರಣಕ್ಕೆ, ತಿರಸ್ಕರಿಸಲಾಗುವುದು.

3. ಸದರಿ ಗೋಡೆಯ ಮೇಲೆ ಬೈಕ್ ನಿಲ್ಲಿಸುವವರಿಗೆ ನಿಷೇಧ ಅನ್ವಯಿಸುವುದಿಲ್ಲ. ಬೈಕುಗಳು ಹತ್ತುತ್ತಿಲ್ಲ, ನಿಂತಿವೆ.

4. ವಿಕಲಚೇತನರನ್ನು ಕಂಡು ‘ಅಯ್ಯೋ ಪಾಪ’ ಎನ್ನಲು ಅನುಮತಿ ಇದೆ. ಆದರೆ ಅವರು ಡಂಬೆಲ್ ಎತ್ತಿ ಹಿಡಿದಾಗ ಅನ್ನಬಾರದು. ಅದು ಅಂದವರ ಕಾಲ ಮೇಲೆ ಬಿದ್ದರೆ ಅವರೂ ರ‍್ಯಾಂಪ್ ಕೇಳುತ್ತಾರೆ. ವಿಕಲಚೇತನರ ಜೊತೆ ಫೋಟೊ ತೆಗೆಸಿಕೊಂಡು ‘ಸ್ಫೂರ್ತಿ’ ಎಂದು ಮೊಬೈಲಿನಲ್ಲಿ ಹಾಕಿಕೊಳ್ಳುವವರು, ಹಿಂದೆ ಮೆಟ್ಟಿಲು ಕಾಣದಂತೆ ನೋಡಿಕೊಳ್ಳತಕ್ಕದ್ದು.

5. ತರಬೇತುದಾರ ಕೇದಾರ ಅವರು ಡಂಬೆಲ್‌ಗಳನ್ನು ಫುಟ್‌ಪಾತಿಗೆ ಒಯ್ದು ಶಿವಕಾಂತಾ ಅವರಿಗೆ ವ್ಯಾಯಾಮ ಕಲಿಸಿದ್ದು ಕಂಡುಬಂದಿದೆ. ಜಿಮ್ಮು ಜನರ ಬಳಿಗೆ ಹೋಗುವುದು ಶಿಸ್ತಿನ ಉಲ್ಲಂಘನೆ. ಕೇದಾರ ಅವರಿಗೆ ಎಚ್ಚರಿಕೆಯನ್ನೂ ಡಂಬೆಲ್‌ಗಳಿಗೆ ನೋಟಿಸನ್ನೂ ನೀಡಲಾಗಿದೆ. ಡಂಬೆಲ್‌ಗಳು ಇನ್ನೂ ಉತ್ತರಿಸಿಲ್ಲ.

6. ಈ ಸುತ್ತೋಲೆಯ ಮರಾಠಿ ಪ್ರತಿಯ ಉದ್ಘಾಟನೆಯೂ ಬಾಕಿ ಇರುವುದರಿಂದ ಕನ್ನಡ ಪ್ರತಿಯನ್ನೇ ಎಲ್ಲರೂ ಅರ್ಥ ಮಾಡಿಕೊಳ್ಳತಕ್ಕದ್ದು.

7. ಸುತ್ತೋಲೆ ಟೈಪಾಗುತ್ತಿರುವಾಗಲೇ ಶಿವಕಾಂತಾ ಅವರು ಮತ್ತೆ ಬಂದಿರುತ್ತಾರೆ. “ಯವ್ವಾ, ರಿಬ್ಬನ್ ಅದ ನೋಡು, ಸಾಹೇಬ್ರು ಬರೋತನಾ ತಡಿ” ಎಂದು ಕಾವಲುಗಾರ ಅಂಬಣ್ಣ ಅವರು ವಿನಂತಿಸಿದ್ದಾರೆ. ಅದಕ್ಕೆ ಶಿವಕಾಂತಾ ಅವರು, “ಸಾಹೇಬ್ರ ಕತ್ರಿ ಬರೂದ್ರಾಗ ನನ್ನ ಕೆಲ್ಸಾ ಹೋಗ್ತದ ಕಾಕಾ. ನಾ ಹೊಲಿಗಿಯಾಕಿ. ಕತ್ರಿ ನನ್ ಕಡೀನೂ ಅದ, ಸರೀರಿ” ಎಂದು ನುಡಿದು, ಚೀಲದಿಂದ ಕತ್ತರಿ ತೆಗೆದು ರಿಬ್ಬನ್ ಕತ್ತರಿಸಿ, ಬೈಕುಗಳನ್ನು ಅಂಬಣ್ಣ ಅವರಿಂದಲೇ ಪಕ್ಕಕ್ಕೆ ಇಡಿಸಿ ಒಳಗೆ ಹೋಗಿರುತ್ತಾರೆ. ರಿಬ್ಬನ್ ತುಂಡಾದರೆ ಚಪ್ಪಾಳೆ ತಟ್ಟುವ ರೂಢಿಯಂತೆ ಅಂಬಣ್ಣ ಅವರು ತಟ್ಟಿರುತ್ತಾರೆ.

8. ರಿಬ್ಬನ್, ಕತ್ತರಿ, ಚಪ್ಪಾಳೆ ಮೂರೂ ಇದ್ದುದರಿಂದ ಉದ್ಘಾಟನೆ ಕ್ರಮಬದ್ಧವೆಂದು ಕಾನೂನು ಶಾಖೆ ಅಭಿಪ್ರಾಯಪಟ್ಟಿದೆ. ಹೀಗಾಗಿ ಶಿವಕಾಂತಾ ಅವರೇ ಮುಖ್ಯ ಅತಿಥಿ. ಮುಖ್ಯ ಅತಿಥಿ ಒಳಗಿರುವಷ್ಟು ಹೊತ್ತು ಸಿಬ್ಬಂದಿ ಎದ್ದು ನಿಂತಿರತಕ್ಕದ್ದು. ಈ ಸುತ್ತೋಲೆಯ ಟೈಪಿಂಗ್ ಮುಗಿಯಲು ಹಿಡಿದ ವಾರಗಳುದ್ದಕ್ಕೂ ಅವರು ದಿನವೂ ಬರುತ್ತಿದ್ದಾರೆ.

9. ನಿಂತು ನಿಂತು ಕಾಲು ಸೋತವೆಂದು ಸಿಬ್ಬಂದಿ ಬರೆದುಕೊಂಡ ಅರ್ಜಿಗಳನ್ನು ಮುಖ್ಯ ಅತಿಥಿಗಳ ಮುಂದೆ ಮಂಡಿಸಲಾಗಿದೆ. ಬಿಡುವಾದಾಗ ನೋಡುವುದಾಗಿ ತಿಳಿಸಿರುತ್ತಾರೆ.

(ಸಹಿ ವಕ್ರವಾಗಿದೆ, ನಿಂತು ಹಾಕಿದ್ದು)
ಪ್ರಭಾರ ಉಪ ಅಧಿಕಾರಿ

ಪ್ರತಿಗಳು:
1. ಮುಖ್ಯ ಅತಿಥಿಗಳಾಗಬೇಕಿದ್ದವರಿಗೆ, ಬಾಡಿದ ಹಾರದೊಂದಿಗೆ.
2. ಬೈಕ್ ಮಾಲೀಕರಿಗೆ. ಬೈಕುಗಳು ಸದ್ಯ ಮೆಟ್ಟಿಲ ಮೇಲಿವೆ.
3. ಹೊಲಿಗೆ ಅಂಗಡಿಯವರಿಗೆ. ಶಿವಕಾಂತಾ ಅವರು ಇಂದು ತಾವೇ ರಿಕ್ಷಾ ಹತ್ತಿ ಹೊರಟಿದ್ದಾರೆ. ಬಾಗಿಲಿಗೆ ರಿಬ್ಬನ್ ಗಿಬ್ಬನ್ ಏನನ್ನೂ ಕಟ್ಟಬಾರದು.