ಬ್ಯಾಸರಕ್ಕೆ ಬಿದ್ದ ಮಳೆ

ಬ್ಯಾಸರ ಬಂದ ಮನುಷ್ಯನ ಕೈಗೆ ಏನು ಸಿಕ್ಕರೂ ಅದು ಮೊದಲಿನಂತೆ ಉಳಿಯುವುದಿಲ್ಲ. ಕೂಸಿಗೆ ಇದ್ದಿಲು ಸಿಕ್ಕರೆ ಗೋಡೆ ತುಂಬ ಆನೆ. ಅಜ್ಜನಿಗೆ ಒಂದು ಕಟ್ಟೆ ಸಿಕ್ಕರೆ ಊರ ತುಂಬ ಸುದ್ದಿ. ನನ್ನ ಕೈಗೆ ಸರ್ಕಾರಿ ಕಾಗದ ಸಿಕ್ಕಿತ್ತು. ಮುಂದಾದದ್ದಕ್ಕೆ ನಾನು ಜವಾಬ್ದಾರನಲ್ಲ.

ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ನಾನು ಕಾರಕೂನ, ಯಾವ ಖಾತೆ ಎಂದು ಹೇಳುವುದಿಲ್ಲ, ಈಗ ಅಲ್ಲಿರುವವರು ಮರ್ಯಾದಸ್ಥರು. ಮದುವೆಯಾದ ಮೂರು ವರ್ಷದಲ್ಲಿ ನನಗೆ ಎರಡು ಸಲ ಬದಲಿ, ಅಂದರೆ ವರ್ಗ, ಆಯಿತು. ಎರಡನೆಯ ಸಲ ಬೀಸುವ ಕಲ್ಲನ್ನು ಚಕ್ಕಡಿಗೆ ಏರಿಸುತ್ತ ನನ್ನ ಹೆಂಡತಿ ಹೇಳಿದಳು: "ಇನ್ನೊಮ್ಮಿ ಬದ್ಲಿ ಆತಂದ್ರ ಈ ಕಲ್ಲ ನೀವ ಹೊತಗೊಂಡು ಹೋಗ್ರಿ. ನಾ ಅಂಕಲಗಿಗೆ ಹೋಗ್ತೇನಿ, ತಿರಗಿ ಬರೂದಿಲ್ಲ."

ಅಂಕಲಗಿ ಅವಳ ತವರು. ಅವಳು ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದು ನಾನು ಇವತ್ತಿಗೂ ಕಂಡಿಲ್ಲ. ಎರಡು ಬದಲಿ ಹೇಗಾದವು, ಮೂರನೆಯದು ಹೇಗೆ ಹೊಸ್ತಿಲ ತನಕ ಬಂತು ಎಂಬುದನ್ನು ಹೇಳುತ್ತೇನೆ. ಒಂದೆರಡು ಕಡೆ ಸ್ವಲ್ಪ ಸೇರಿಸಿರಬಹುದು. ಯಾವ ಕಡೆ ಎಂದು ಹೆಂಡತಿಗೆ ಗೊತ್ತು.

೧. ಗೋಕಾಕದ ಮೀಸೆ

ಗೋಕಾಕದ ನಮ್ಮ ಕಚೇರಿಯ ಮುಂದೆ ಒಂದು ಬೇವಿನ ಮರ. ಹಳ್ಳಿಯವರು ಮುಂಜಾನೆ ಬಂದು ಅದರ ಕೆಳಗೆ ಕೂತರೆ, ಸಾಹೇಬರ ಸಹಿ ಬೀಳುವುದರೊಳಗೆ ನೆರಳು ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಬಂದಿರುತ್ತಿತ್ತು. ಅವರಿಗೆ ಕಾಯುವುದು ಬ್ಯಾಸರ. ಅವರು ಕಾಯುವುದನ್ನು ನೋಡುವುದು ನನಗೆ ಬ್ಯಾಸರ. ಒಂದು ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋದಾಗ ಸಿಂಪಿಗನಿಂದ ಅಳತೆಪಟ್ಟಿ ಇಸಿದುಕೊಂಡು ಬಂದೆ. ಮೇಜು ಹೊರಗೆ ಹಾಕಿ ಒಂದು ರಟ್ಟಿನ ಮೇಲೆ ಬರೆದೆ: ಇಲ್ಲಿ ಮೀಸೆಯ ಅಳತೆ ಬರೆದುಕೊಳ್ಳಲಾಗುವುದು.

ಯಾಕೆ ಎಂದು ಯಾರೂ ಕೇಳಲಿಲ್ಲ. ಕಚೇರಿಯಲ್ಲಿ ಯಾಕೆ ಎಂದು ಕೇಳುವ ಪದ್ಧತಿಯಿಲ್ಲ. ಐದು ನಿಮಿಷದಲ್ಲಿ ಮೇಜಿನ ಮುಂದೆ ಸಾಲಾಗಿ ಪಾಳಿ ನಿಂತಿತು. ನಾನು ಅಳೆದೆ, ಎಡ ಇಷ್ಟು, ಬಲ ಇಷ್ಟು ಎಂದು ಬರೆದೆ. ಮೀಸೆ ಬೋಳಿಸಿದವನೊಬ್ಬ, "ನಂದೇನ ಬರೀತೀರಿ?" ಎಂದ.

"ಪಡಾ ಬಿದ್ದೈತಿ ಅಂತ," ಎಂದೆ, ಬಿತ್ತದೆ ಬಿಟ್ಟ ಹೊಲಕ್ಕೆ ಬರೆಯುವ ಹಾಗೆ. ಅವನು ಒಪ್ಪಿ ಹೆಬ್ಬೆಟ್ಟು ಒತ್ತಿದ.

ಕೆಟ್ಟದ್ದು ಮಸಗುಪ್ಪಿಯ ಅಣ್ಣತಮ್ಮಂದಿರಿಂದ. ಇಬ್ಬರೂ ಹೊಲ ಪಾಲು ಮಾಡಿಕೊಳ್ಳಲು ಬಂದವರು. ತಮ್ಮನ ಮೀಸೆ ಒಂದು ಬೆರಳು ಹೆಚ್ಚು ಬಂತು.

"ಇದನ್ನ ತಿದ್ರಿ," ಎಂದ ಅಣ್ಣ.

"ಅಳತಿ ಬಂದಂಗ ಬರದೇನಿ ಕಾಕಾ."

"ಮನಿಗೆ ಹಿರ್ಯಾ ನಾ ಅದೇನಿ. ಇವತ್ತ ಮೀಸಿ ಹೆಚ್ಚ ಬರಸ್ತಾನ. ನಾಳೆ ಇದ ಕಾಗದ ತೋರ್ಸಿ ಹೊಲಾನೂ ಹೆಚ್ಚ ಬೇಕಂತಾನ."

ಅವನು ಸೀದಾ ಹೋಗಿ ಅರ್ಜಿ ಬರೆಸಿಕೊಂಡು ಬಂದ. ಸಾಹೇಬರು ಎಲೆಅಡಿಕೆ ಮೆಲ್ಲುತ್ತ ಒಳಗೆ ಕಾಲಿಟ್ಟ ಕೂಡಲೇ ಅದನ್ನು ಕೈಗಿಟ್ಟ. 'ತಮ್ಮನ ಮೀಸೆಯನ್ನು ಪಂಚರ ಸಮಕ್ಷಮ ಮತ್ತೊಮ್ಮೆ ಅಳೆಯಿಸಬೇಕು' ಎಂದು ಅದರಲ್ಲಿತ್ತು. ಸಾಹೇಬರು ಎರಡು ಸಲ ಓದಿ ನನ್ನನ್ನು ಕರೆದರು.

"ನನ್ನ ಮೀಸಿ ಎಷ್ಟ ಬರದೀರಿ?"

"ಇನ್ನಾ ಅಳದಿಲ್ರಿ."

"ಮೂಡಲಗಿಯಿಂದ ಅಳೀರಿ. ನಾಳೆನ ಹೋಗ್ರಿ."

೨. ಮೂಡಲಗಿಯ ದೊಡ್ಡ ಸಾಹೇಬರು

ಮೂಡಲಗಿಯಲ್ಲಿ ನಾನು ನಿಯತ್ತಿನಿಂದಲೇ ಇದ್ದೆ. ಅಲ್ಲಿ ನಡೆದದ್ದೆಲ್ಲ ಮಕ್ಕಳ ಕೆಲಸ.

ಶಾಲೆಗೆ ಬೇಸಿಗೆ ಸೂಟಿ. ಓಣಿಯ ಹುಡುಗರು ದಿನಾ ಕಿಡಕಿಯಲ್ಲಿ ಮೂಗು ತೂರಿಸಿ, "ಕಾಕಾ, ಬ್ಯಾಸರಾಗೇತ್ರಿ, ಏನರ ಕೊಡ್ರಿ" ಎಂದು ಜೀವ ತಿನ್ನುತ್ತಿದ್ದರು. ಕೆಟ್ಟುಹೋದ ನಾಲ್ಕು ಫಾರ್ಮು ಕೊಟ್ಟು, "ಹಿತ್ತಲದಾಗ ಕಚೇರಿ ಆಡ್ರಿ" ಎಂದೆ. ಒಂಬತ್ತು ವರ್ಷದ ಒಬ್ಬ ಹುಡುಗಿ ಸಾಹೇಬಳಾದಳು. ನಗದೆ ಕೂಡಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಬೆಂಡೆಕಾಯಿ ಅಡ್ಡ ಕೊಯ್ದು ಶಾಯಿಯಲ್ಲಿ ಅದ್ದಿದರೆ ಹೂವಿನಂಥ ಶಿಕ್ಕಾ, ಅದೇ ಅವರ ಕಚೇರಿಯ ಮೊಹರು.

ಕುಲಗೋಡದ ಮುದುಕಿಯೊಬ್ಬಳು ನನ್ನ ಹತ್ತಿರ ಬಂದಳು. ಬಾಜೂಮನೆಯವಳ ಆಡು ಇವಳ ನುಗ್ಗೆಸೊಪ್ಪನ್ನೆಲ್ಲ ಮೇದಿತ್ತಂತೆ. ಜಗಳಾಡುತ್ತಲೇ ಇಬ್ಬರೂ ಕೂಡಿ ಬಂದಿದ್ದರು. ನಾನು ರೂಢಿಯಂತೆ, "ಎಂಟ ದಿನಾ ಬಿಟ್ಟ ಬಾರವ್ವಾ" ಎಂದೆ. ಮುದುಕಿ ಹಿತ್ತಲಲ್ಲೊಂದು ಮೇಜು ಕಂಡು ಅತ್ತ ನಡೆದಳು.

ಹುಡುಗಿ ಇಬ್ಬರ ಮಾತನ್ನೂ ಕೇಳಿದಳು. "ಆಡ ತಿಂದಿದ್ದು ಈ ಆಯಿ ಸೊಪ್ಪು. ಹಂಗಂದ್ರ ಹಾಲಿನ್ಯಾಗೂ ಈ ಆಯಿಗಿ ಪಾಲೈತಿ. ಎಂಟ ದಿನಾ ಮುಂಜಾನಿ ಹಾಲ ಈಕಿ ಹಿಂಡ್ಕೊಳ್ಳಿ," ಎಂದು ಶಿಕ್ಕಾ ಒತ್ತಿದಳು. ಇಬ್ಬರೂ ಬೆಂಡೆಕಾಯಿ ಹೂವನ್ನು ಕಣ್ಣಿಗೊತ್ತಿಕೊಂಡು ಹೋದರು.

ಮುಂದಿನ ವಾರದಿಂದ ಜನ ನನ್ನ ಮೇಜು ದಾಟಿಕೊಂಡು ಹೋಗತೊಡಗಿದರು. ಒಬ್ಬನನ್ನು ತಡೆದು, "ಎಲ್ಲಿ ಹೊಂಟ್ರಿ?" ಎಂದೆ. "ದೊಡ್ಡ ಸಾಹೇಬ್ರ ಕಡೆ," ಎಂದ, ನನ್ನ ಮುಖ ಸಹ ನೋಡದೆ.

ಒಂದು ದಿನ ಗೋಕಾಕದ ಸಾಹೇಬರು ತಪಾಸಣೆಗೆ ಬಂದರು. ನನ್ನ ಮುಂದೆ ನೊಣವೂ ಇಲ್ಲ. ಹಿತ್ತಲಲ್ಲಿ ಹನ್ನೆರಡು ಜನ. ಸಾಹೇಬರು ಮುಂದೆ ನುಗ್ಗಲು ಹೋದರೆ ಹುಡುಗಿ ತಲೆ ಎತ್ತದೆ, "ಪಾಳಿ ಹಚ್ಚರಿ" ಎಂದಳು. ಹಚ್ಚಿದರು. ಪಾಳಿ ಬಂದಾಗ, "ಈ ಕಾರಕೂನಗ ಏನ ಮಾಡೂಣು?" ಎಂದು ಕೇಳಿದರು.

ಅವಳು ವಿಚಾರ ಮಾಡಿದಳು. "ಅವ್ರಿಗೆ ಇಲ್ಲಿ ಭಾಳ ಬ್ಯಾಸರ್ರಿ. ಹುಕ್ಕೇರಿಗೆ ಕಳಸ್ರಿ. ನಮ್ಮತ್ತಿ ಊರು, ಚೊಲೋ ಐತಿ."

ಅದನ್ನೇ ಫಾರ್ಮಿನಲ್ಲಿ ಬರೆದು ಶಿಕ್ಕಾ ಒತ್ತಿದಳು. ಸಾಹೇಬರು ಅದರ ಕೆಳಗೆ ಸಹಿ ಮಾಡಿದರು. ಬೆಂಡೆಕಾಯಿ ಶಿಕ್ಕಾ ಇದ್ದ ಬದಲಿ ಹುಕುಂ ಇಡೀ ಮುಂಬೈ ಸರ್ಕಾರದಲ್ಲಿ ನನ್ನದೊಂದೇ.

೩. ಹುಕ್ಕೇರಿಯ ಮಳೆ

ಹುಕ್ಕೇರಿಯ ಸಾಹೇಬರು ನನ್ನ ಚರಿತ್ರೆ ಓದಿಕೊಂಡೇ ಕೂತಿದ್ದರು. "ನಿಮಗ ಜನರ ಕೂಡ ಕೆಲಸ ಬ್ಯಾಡ," ಎಂದು ಕಚೇರಿಯ ಹಿಂದಿನ ಬಯಲಿನಲ್ಲಿದ್ದ ಮಳೆ ಅಳೆಯುವ ಡಬ್ಬಿ ತೋರಿಸಿದರು. ದಿನಾ ಮುಂಜಾನೆ ಅದರಲ್ಲಿ ಎಷ್ಟು ನೀರಿದೆ ನೋಡಿ ಬರೆಯಬೇಕು, ಸಾಹೇಬರ ಸಹಿ ಹಾಕಿಸಿ ಬೆಳಗಾವಿಗೆ ಕಳಿಸಬೇಕು. "ಇದರಾಗ ಕಿತಾಪತಿ ಮಾಡಾಕ ಏನೂ ಇಲ್ಲ. ಮಾಡಿದ್ರ ಮರದಿನಾನ ನಿಮ್ಮ ಬದ್ಲಿ."

ಮಳೆಗಾಲ ಹೇಗೋ ಬರೆಯುತ್ತ ಕಳೆಯಿತು. ಹೋಳಿ ಹುಣ್ಣಿಮೆಯೂ ಮುಗಿಯಿತು. ದಿನಾ ಬರೆದೆ: ಮಳೆ ಇಲ್ಲ. ಮಳೆ ಇಲ್ಲ. ತಿಂಗಳಾದ ಮೇಲೆ 'ನಿನ್ನೆಯಂತೆಯೇ ಇಂದೂ ಇಲ್ಲ' ಎಂದು ಬರೆದು ನೋಡಿದೆ. ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಅಂಕಲಗಿಯನ್ನು ನೆನೆಸಿಕೊಂಡು ಸುಮ್ಮನಾದೆ. ಮನೆಗೆ ಬಂದು ಗೋಡೆ ನೋಡುತ್ತ ಕೂಡುತ್ತಿದ್ದೆ.

"ಏನಾಗೇತ್ರಿ?" ಎನ್ನುವಳು ಹೆಂಡತಿ.

"ಏನಿಲ್ಲ."

"ನೀವು ಏನಿಲ್ಲ ಅಂದಾಗನ ನನಗ ಅಂಜಿಕಿ."

ಒಂದು ಮುಂಜಾನೆ ನೋಡುತ್ತೇನೆ, ಡಬ್ಬಿಯಲ್ಲಿ ನೀರು. ಆಕಾಶ ತಿಕ್ಕಿಟ್ಟ ಹಿತ್ತಾಳೆ ತಾಟಿನಂತಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಏನೂ ಮಾಡಿರಲಿಲ್ಲ, ಅದನ್ನು ಯಾರೂ ನಂಬುವಂತಿರಲಿಲ್ಲ. ಇದ್ದದ್ದನ್ನು ಬರೆದೆ: ಅರ್ಧ ಇಂಚು.

"ಬ್ಯಾಡ ಅಂದಿದ್ನಿ," ಎಂದರು ಸಾಹೇಬರು.

"ದೇವರಾಣಿ ನಾನಲ್ರಿ."

"ಮತ್ತ ಇಂದ್ರನ?" ಎಂದು ಬೈದರು. ಆದರೆ ಕಾಗದವನ್ನು ಬಹಳ ಹೊತ್ತು ನೋಡಿ, ಹೊಸ ಟಾಕು ತೆಗೆದು, ಎಂದಿಗಿಂತ ದೊಡ್ಡದಾಗಿ ಸಹಿ ಮಾಡಿದರು.

ನಾಲ್ಕು ದಿನಕ್ಕೆ ಮತ್ತೆ ನೀರು. ಆಮೇಲೆ ಮತ್ತೊಮ್ಮೆ. ಕಡೆಗೊಂದು ದಿನ ಕೋಳಿ ಕೂಗುವ ಹೊತ್ತಿಗೆ ಕಟ್ಟಿಗೆ ರಾಶಿಯ ಹಿಂದೆ ಕೂತೆ. ಧೋತರ ಎತ್ತಿ ಕಟ್ಟಿಕೊಂಡು ತಂಬಿಗೆ ಹಿಡಿದು ಬಂದವರು ಸಾಹೇಬರೇ. ಡಬ್ಬಿಗೆ ನೀರು ಸುರಿಯುತ್ತಿದ್ದವರು ನನ್ನನ್ನು ಕಂಡು, ಉಳಿದ ನೀರನ್ನು ಬಾಯಿ ಮುಕ್ಕಳಿಸಿದ ಹಾಗೆ ಮಾಡಿ ಉಗುಳಿದರು.

"ದಿನಾ 'ಇಲ್ಲ'ಕ್ಕ ಸಹಿ ಮಾಡಿ ಮಾಡಿ ಬ್ಯಾಸರಾಗಿತ್ತೋ ಮಾರಾಯಾ. ನಿನ್ನ ಅರ್ಧ ಇಂಚ ನೋಡಿದ ಮ್ಯಾಲ ತಡೀಲಿಲ್ಲ."

"ಅದು ನಂದಲ್ರಿ."

"ಇರ್ಲಿ, ನಾ ಯಾರ್ಗೂ ಹೇಳೂದಿಲ್ಲ," ಎಂದರು.

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಯಿಂದ ದೊಡ್ಡ ಸಾಹೇಬರು ವಿಚಾರಣೆಗೆ ಇಳಿದರು. ಸುತ್ತಲ ಹತ್ತು ಹಳ್ಳಿಗೆ ಬೀಳದ ಮಳೆ ಹುಕ್ಕೇರಿಯ ಒಂದು ಡಬ್ಬಿಗೆ ಹೇಗೆ ಬಿತ್ತು? ನಮ್ಮ ಸಾಹೇಬರು ನನ್ನ ಕಡೆ ಬೆರಳು ಮಾಡಿ, "ಎಲ್ಲಾ ಇವ್ರಿಗೆ ಗೊತ್ರಿ" ಎಂದು ಕಿಡಕಿಯ ಹೊರಗೆ ನೋಡತೊಡಗಿದರು.

"ಮಳಿ ಬಿದ್ದದ್ದು ಕಂಡ ಪಂಚರನ್ನ ಕರೀರಿ," ಎಂದರು ದೊಡ್ಡವರು. "ಇಲ್ಲಂದ್ರ ಇವತ್ತ ಬದ್ಲಿ ಹುಕುಂ."

ಎದುರಿನ ಕಟ್ಟೆಯ ಮೇಲೆ ನಾಲ್ವರು ಕೂತಿದ್ದರು, ಹೋಳಿಯಿಂದ ಹಾಗೇ ಕೂತಿದ್ದರು. ಕರೆದು ತಂದೆ. ಮೊದಲನೆಯವನು, "ಮಳಿ ಆತ್ರಿ" ಎಂದ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬದುಕುತ್ತಿದ್ದೆ. ಎರಡನೆಯವನಿಗೆ ಬರೀ ಮಳೆ ಸಪ್ಪಗೆ ಕಂಡಿತು; ಗುಡುಗು ಸೇರಿಸಿದ. ಮೂರನೆಯವನು ಲಿಂಬಿಹಣ್ಣಿನಷ್ಟು ಆಣೆಕಲ್ಲು ಬಿದ್ದು ಒಂದು ಕಾಗೆ ಸತ್ತಿತೆಂದ. ನಾಲ್ಕನೆಯವನು ಅಂಗಳದಲ್ಲಿ ಮೀನು ಆಯ್ದೆನೆಂದ.

"ಎಷ್ಟ ಮೀನ?"

"ಸಾರಿಗೆ ಸಾಕಾತ್ರಿ."

ದೊಡ್ಡ ಸಾಹೇಬರು ಟಾಕು ಕೆಳಗಿಟ್ಟರು. "ಸಾಕು. ಹುಕುಂ ಬರೀತೇನಿ."

ಆಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ತಲೆತುಂಬ ಸೆರಗು ಹೊದ್ದ ನನ್ನ ಹೆಂಡತಿ ಒಂದು ಬುಟ್ಟಿ ತಂದು ಮೇಜಿನ ಮೇಲೆ ಇಟ್ಟಳು. ಅದರ ತುಂಬ ತೋಯ್ದು ಮುದ್ದೆಯಾದ ಸಂಡಿಗೆ.

"ನಾಕ ದಿನದಿಂದ ಮಾಳಿಗಿ ಮ್ಯಾಲ ಒಣಗಿಸಿದ್ದು, ಸಾಹೇಬ್ರ. ಮುಂಜಾನಿ ಹಿಂಗ ಆತು. ಓಡಿ ಹೋಗಿ ತಗೀರಿ ಅಂದ್ರ ಇವ್ರು ಡಬ್ಬಿ ಮುಂದ ನಿಂತಿದ್ರು, ಎಷ್ಟ ಬಿತ್ತಂತ ನೋಡ್ಕೋತ. ಮನಿ ಸಂಡಿಗಿ ನೀರಪಾಲಾದ್ರೂ ಸರ್ಕಾರದ ಮಳಿ ಬಿಡೂದಿಲ್ಲ ಅಂತಾರ. ಇಂಥಾವ್ರ ಕೂಡ ನಾ ಹೆಂಗ ಬಾಳೇ ಮಾಡ್ಲಿ, ನೀವ ಹೇಳ್ರಿ."

ದೊಡ್ಡ ಸಾಹೇಬರು ಸಂಡಿಗೆ ಮುಟ್ಟಿ ನೋಡಿದರು. ಅವರ ಮನೆಯಲ್ಲೂ ಮಾಳಿಗೆ ಇದ್ದಿರಬೇಕು. "ಸಂಡಿಗಿ ವಿಷಯದಾಗ ಹೆಣ್ಮಕ್ಕಳು ಸುಳ್ಳ ಹೇಳೂದಿಲ್ಲ," ಎಂದು ಬರೆದರು: ಮಳೆ ಬಿದ್ದದ್ದು ಸಾಬೀತಾಗಿದೆ. ಇಂಥ ನಿಷ್ಠಾವಂತ ಕಾರಕೂನನನ್ನು ಈ ಡಬ್ಬಿಯಿಂದ ಎಲ್ಲಿಗೂ ಬದಲಿ ಮಾಡಕೂಡದು.

ಮನೆಯ ದಾರಿಯಲ್ಲಿ ಕೇಳಿದೆ: "ಇಷ್ಟ ದೊಡ್ಡ ಸುಳ್ಳ ಎಲ್ಲಿ ಕಲ್ತಿ?"

"ಎಲ್ಲಾ ಸುಳ್ಳಲ್ಲ ಬಿಡ್ರಿ. ಮೊದಲನೇ ಅರ್ಧ ಇಂಚ ನಂದು."

ನಾನು ನಡುರಸ್ತೆಯಲ್ಲಿ ನಿಂತೆ.

"ಗ್ವಾಡಿ ನೋಡ್ಕೋತ ಕುಂತಿದ್ರಿ. ಬ್ಯಾಸರಾಗಿ ಏನರ ಮಾಡಿ ಬದ್ಲಿ ಆಗ್ತೀರಂತ ಅಂಜಿ, ಬರಿಯಾಕ ಒಂದೀಟ ಕೆಲಸ ಇರ್ಲಿ ಅಂತ ನಾನ ಹಾಕಿದ್ನಿ."

"ಮತ್ತ ನಮ್ಮ ಸಾಹೇಬ್ರು? ಅವ್ರೂ ತಂಬಿಗಿ ಹಿಡಕೊಂಡ ಬಂದಿದ್ರಲ್ಲ?"

"ಅವ್ರ ಮನಿಯವ್ರು ಬಾವಿ ಕಡೆ ಸಿಕ್ಕಿದ್ರು. ತಮ್ಮ ಯಜಮಾನ್ರೂ ಗ್ವಾಡಿ ನೋಡಾಕ ಹತ್ಯಾರಂತ ಅತ್ರು," ಎಂದಳು. "ಒಂದ ತಂಬಿಗಿ ನೀರ ಕೊಟ್ಟ ಹೊರಗ ಕಳಸ್ರಿ, ಆರಾಮ ಆಗ್ತಾರ ಅಂತ ನಾನ ಹೇಳಿದ್ನಿ."