ವಿದ್ಯಾ ಇಲ್ಲ, ಎಂ.ಎ.

ಸುಳ್ಳು ಹೇಳಿ ಕೆಟ್ಟವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ನಾನು ನಿಜ ಹೇಳಿ ಕೆಟ್ಟವಳು. ಅದೂ ಯಾರ ಮುಂದೆ? ಕೋರ್ಟಲ್ಲ, ದೇವಸ್ಥಾನವಲ್ಲ, ಅಂಗೈಯಗಲದ ಫೋನಿನ ಮುಂದೆ. ಆಂಧ್ರದ ಗಡಿಯ ನಮ್ಮ ಮಡಕಶಿರದಲ್ಲಿ ಡಿಗ್ರಿ ಎರಡನೇ ವರ್ಷ ಮುಗಿಸುವಷ್ಟರಲ್ಲಿ ನನ್ನ ಮದುವೆಯಾಯಿತು. ಆಮೇಲೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳ, ಮಗಳು, ಮತ್ತೆ ಸೊಪ್ಪು, ಮತ್ತೆ ಹುಳ. ಇಪ್ಪತ್ತು ವರ್ಷ ಹೇಗೆ ಹೋಯಿತೋ ಕಾಣೆ. ಮಗಳು ಕಾಲೇಜಿಗೆ ಸೇರಿದ ಮೇಲೆ ಒಂದಿನ, "ಅಮ್ಮಾ, ಈಗ ಫೋನಲ್ಲೇ ಕೋರ್ಸು ಮಾಡಿ ಕ್ರೆಡಿಟ್ಟು ಕೂಡಿಸ್ಕೊಂಡ್ರೆ ನೀನು ಬಿಟ್ಟ ಡಿಗ್ರಿ ಮುಗಿಸ್ಬೋದಂತೆ. ಆಮೇಲೆ ಎಂ.ಎ.ಗೂ ಅರ್ಜಿ ಹಾಕ್ಬೋದು," ಅಂದಳು. ಪಾಸಾದ ಒಂದೊಂದು ಕೋರ್ಸಿಗೂ ಇಷ್ಟಿಷ್ಟು ಕ್ರೆಡಿಟ್ಟು ಅಂತೆ. ಹನಿಗೂಡಿ ಹಳ್ಳ ಅನ್ನುವ ಲೆಕ್ಕ. ಸರಿ, ಅವತ್ತೇ ಹೆಸರು ನೋಂದಾಯಿಸಲು ಕೂತೆ.

ಮೊದಲ ಹೆಸರು ‘ವಿದ್ಯಾ’ ಅಂತ ಒತ್ತಿದೆ. ಪಕ್ಕದಲ್ಲಿ ‘ಕೊನೆಯ ಹೆಸರು’ ಅಂತ ಇನ್ನೊಂದು ಖಾನೆ, ಅದಕ್ಕೊಂದು ಕೆಂಪು ಚುಕ್ಕಿ. ತೆಲುಗಿನವರಿಗಾದರೆ ಇಂಟಿಪೇರು ಅಂತ ಮನೆತನದ ಹೆಸರಿರುತ್ತದೆ. ನಮ್ಮಂಥ ಕನ್ನಡದ ಮನೆಗಳಲ್ಲಿ ಅಪ್ಪನ ಹೆಸರಿನ ಒಂದಕ್ಷರ ಬಿಟ್ಟರೆ ಇನ್ನೇನಿದೆ? ‘ಎಚ್’ ಅಂತ ಹಾಕಿದೆ, ಒಂದಕ್ಷರ ಸಾಲದು ಅಂತು. ಖಾಲಿ ಬಿಟ್ಟೆ, ಮುಂದಕ್ಕೇ ಬಿಡಲಿಲ್ಲ. ಒಲೆಯ ಮೇಲೆ ಹಾಲು ಬೇರೆ ಉಕ್ಕುತ್ತಿತ್ತು. ಇಲ್ಲದ್ದನ್ನು ಇಲ್ಲ ಅನ್ನದೆ ಏನನ್ನಲಿ? ಇಂಗ್ಲಿಷ್ ಅಕ್ಷರದಲ್ಲಿ ‘ಇಲ್ಲ’ ಅಂತ ಒತ್ತಿದೆ. ಫೋನು ತೆಪ್ಪಗೆ ಒಪ್ಪಿಕೊಂಡಿತು.

ಓದಿದೆ ಸ್ವಾಮಿ, ಓದಿದೆ. ಸೊಪ್ಪು ಹೆಚ್ಚುತ್ತಾ ಕೇಳಿದೆ, ರಾಗಿ ಹಸನು ಮಾಡುತ್ತಾ ಕೇಳಿದೆ. ಪರೀಕ್ಷೆಗೆ ಕ್ಯಾಮೆರಾ ಮುಂದೆ ಒಬ್ಬಳೇ ಕೂರಬೇಕು, ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಬಾರದು ಅಂದರು. ನಮ್ಮ ಮನೆಯಲ್ಲಿ ಅಂಥ ಜಾಗ ಹುಳದ ಮನೆಯೊಂದೇ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಪರೀಕ್ಷೆಯ ದಿನ ಅದೇ ನೆಪ ಹಿಡಿದು ನಮ್ಮತ್ತೆ ಬಾಗಿಲಲ್ಲಿ ಮೊರ ಇಟ್ಟುಕೊಂಡು ಕೂತು, ಬಂದವರಿಗೆಲ್ಲ "ಹುಳ ಜ್ವರಕ್ಕೆ ಕುಂತವೆ, ಒಳೀಕೆ ಬರ್ಬ್ಯಾಡಿ" ಅಂತ ಅಟ್ಟುತ್ತಿದ್ದರು. ನಿಜಕ್ಕೂ ಜ್ವರ ಬಂದಂತಾಗಿದ್ದು ನನಗೆ. ಅತ್ತೆಗೆ ಸಹಿ ಹಾಕಲು ಬಾರದು. "ಈ ವಯಸ್ಸಲ್ಲಿ ಓದು ಯಾವ ಸೀಮೇದು" ಅಂತ ಬೈದುಕೊಂಡೇ ಮೂರು ಗಂಟೆ ಕಾವಲು ಕಾಯುತ್ತಿದ್ದರು.

ಮೊದಲ ಸರ್ಟಿಫಿಕೇಟು ಬಂದಾಗ ಮಗಳು ನಗಲು ಶುರುಮಾಡಿ ನೆಲಕ್ಕೇ ಕೂತಳು. ಚಿನ್ನದ ಬಣ್ಣದ ಅಂಚಿನ ನಡುವೆ ಅಂದವಾಗಿ ಅಚ್ಚಾಗಿತ್ತು: ‘ವಿದ್ಯಾ ಇಲ್ಲ’ ಎಂಬುವರು ಈ ಕೋರ್ಸನ್ನು ಯಶಸ್ವಿಯಾಗಿ ಮುಗಿಸಿದ್ದಾರೆ! ತಿದ್ದಿಸೋಣ ಅಂತ ಬರೆದರೆ, ಆ ಕಡೆಯಿಂದ ‘ನಿಮ್ಮ ಸಂದೇಶ ತಲುಪಿದೆ’ ಅಂತಷ್ಟೇ ಉತ್ತರ. ಹೀಗೆ ಒಂದಾದ ಮೇಲೊಂದು ಕೋರ್ಸು ಮುಗಿಸಿದಷ್ಟೂ ನನಗೆ ವಿದ್ಯಾ ಇಲ್ಲ ಅನ್ನುವುದಕ್ಕೆ ದಾಖಲೆ ಗಟ್ಟಿಯಾಗುತ್ತಾ ಹೋಯಿತು.

ಡಿಗ್ರಿಯೂ ಅದೇ ಹೆಸರಲ್ಲಿ ಬಂತು. ದೂರಶಿಕ್ಷಣದ ಕನ್ನಡ ಎಂ.ಎ.ಗೆ ಅರ್ಜಿ ಹಾಕಿದೆ. ದಾಖಲೆ ಪರಿಶೀಲನೆಗೆ ರಾಯದುರ್ಗಕ್ಕೆ ಬನ್ನಿ ಅಂದರು. ಎರಡು ಬಸ್ಸು ಬದಲಿಸಿ ಹೋಗಿ ಬೆಂಚಿನ ಮೇಲೆ ಕೂತೆ. ಗುಮಾಸ್ತರೊಬ್ಬರು ಪಟ್ಟಿ ಹಿಡಿದು ಕೂಗುತ್ತಾ ಬಂದವರು, "ವಿದ್ಯಾ... ಇಲ್ಲ," ಅಂತ ತಮ್ಮಷ್ಟಕ್ಕೆ ಓದಿಕೊಂಡು, ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆದು ಮುಂದಿನ ಹೆಸರಿಗೆ ಹೋದರು.

"ಅಯ್ಯಯ್ಯೋ, ಇದೀನಿ ಸಾರ್!" ಅಂತ ಎದ್ದು ಓಡಿದೆ.

"ನೀವು ಅದೀರವ್ವ. ವಿದ್ಯಾ ಇಲ್ಲ."

"ವಿದ್ಯಾ ನಾನೇ ಸಾರ್."

"ಮತ್ತ ಇಲ್ಲ ಅಂತ ಬರದೈತಲ್ರಿ ಇಲ್ಲಿ?"

"ಇಲ್ಲ ಅನ್ನೋಳೂ ನಾನೇ ಸಾರ್!"

ಬೆಂಚಿಗೆ ಬೆಂಚೇ ನಕ್ಕಿತು. ಗುಮಾಸ್ತರು ನಗಲಿಲ್ಲ, ಪುಣ್ಯಾತ್ಮರು. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿದ್ದ ‘ಎಚ್. ವಿದ್ಯಾ’ ನೋಡಿ, "ಇಬ್ರೂ ಒಬ್ರ ಅಂತ ನೋಟರಿ ಹತ್ರ ಬರೆಸ್ಕೊಂಡು ಬರ್ರಿ. ನಾಲ್ಕಕ್ಕ ಬಾಗ್ಲಾ ಹಾಕ್ತೀವಿ. ಇವತ್ತ ಕಡೀ ದಿನ ನೋಡ್ರಿ, ತಪ್ಪಿದ್ರ ಸೀಟು ಹೋಗ್ತದ," ಅಂದರು. ಹೊರಗೆ ಬಂದವಳಿಗೆ ಅಳು ತಡೆಯಲಾಗಲಿಲ್ಲ. ಹೆಬ್ಬೆಟ್ಟೊತ್ತುತ್ತಿದ್ದ ನಮ್ಮಪ್ಪ, ತನಗಿಲ್ಲದ್ದು ಮಗಳಿಗಾದರೂ ಇರಲಿ ಅಂತ ಇಟ್ಟ ಹೆಸರದು. ಅದರ ಬೆನ್ನಿಗೆ ನನ್ನ ಕೈಯಾರೆ ‘ಇಲ್ಲ’ ಅಂಟಿಸಿದ್ದೆನಲ್ಲ! ಕಣ್ಣೊರೆಸಿಕೊಂಡು ನೋಟರಿಯನ್ನು ಹುಡುಕಿಕೊಂಡು ಹೋದೆ.

ನೋಟರಿ ತೆಲುಗಿನವರು. ಕಾಗದಗಳನ್ನು ತಿರುವಿ, ಬಲು ಗೌರವದಿಂದ, "ಇಲ್ಲಾ ಅನೇದಿ ಮೀ ಇಂಟಿಪೇರಾ ಅಮ್ಮಾ?" ಅಂತ ಕೇಳಿದರು. ಇಲ್ಲ ಅನ್ನುವುದು ನಿಮ್ಮ ಮನೆತನದ ಹೆಸರೇ ಅಂತ! ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಕೆಂಪು ಚುಕ್ಕಿ, ಹಾಲು ಉಕ್ಕಿದ್ದು ಎಲ್ಲ ಯಾರು ವಿವರಿಸುತ್ತಾರೆ? "ಅವುನು ಸಾರ್," ಅಂದೆ. ಐದೇ ನಿಮಿಷದಲ್ಲಿ ಮೊಹರು ಬಿತ್ತು. ನಿಜ ಹೇಳಿ ವರ್ಷಗಟ್ಟಲೆ ಪಟ್ಟ ಫಜೀತಿ ಒಂದು ಸುಳ್ಳಿಗೆ ತೀರಿತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನನ್ನ ಸೀಟು ನನಗೆ ಸಿಕ್ಕಿತು, ವಿದ್ಯಾ ಇಲ್ಲ ಎಂಬ ಹೆಸರಿನಲ್ಲೇ.

ಈಗ ಫೋನಿನಲ್ಲಿ ಕ್ಲಾಸು, ಹುಳದ ಮನೆಯಲ್ಲೇ ಕೂತು ಕೇಳುತ್ತೇನೆ. ಮೊನ್ನೆ ಮಧ್ಯಾಹ್ನ ಹಳಗನ್ನಡದ ಪಾಠ. ಮುದ್ದೆ ಉಂಡ ಹೊಟ್ಟೆ, ಮೇಷ್ಟ್ರ ತಣ್ಣನೆಯ ದನಿ, ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಪಕ್ಕದ ಮನೆ ಗಂಗಮ್ಮ ನನ್ನನ್ನು ಶಾವಿಗೆ ಒತ್ತಲು ಕರೆಯೋಕೆ ಬಂದರಂತೆ. ಓದುವ ಸೊಸೆಯನ್ನು ಎಬ್ಬಿಸಬಾರದೆಂದು ಅತ್ತೆ ಬಾಗಿಲಲ್ಲೇ ತಡೆದು, "ವಿದ್ಯಾ ಇಲ್ಲ ಕಣಮ್ಮಿ, ಹಿಂದೂಪುರಕ್ಕೆ ಹೋಗವ್ಳೆ," ಅಂದರಂತೆ.

ನಿದ್ದೆಗಣ್ಣಲ್ಲಿ ನನಗೆ ಕೇಳಿಸಿದ್ದು ಹಾಜರಿ. "ಇದೀನಿ ಸಾರ್!" ಅಂತ ಮನೆ ಹಾರಿಹೋಗುವ ಹಾಗೆ ಕೂಗಿದೆ.

ಗಂಗಮ್ಮ ನಮ್ಮತ್ತೆಯ ಮುಖ ನೋಡಿದರು. ಅತ್ತೆ, "ಎಂ.ಎ. ಓದ್ತಾವ್ಳೆ ಕಣಮ್ಮಿ, ಇನ್ನೂ ಬುದ್ಧಿ ಒಂದು ಬರ್ಬೇಕು," ಅಂದರು. ಸಂಜೆಯವರೆಗೂ ಶಾವಿಗೆ ಒತ್ತಿದೆ. ಅವತ್ತಿನ ಹಾಜರಿಯಲ್ಲಿ ಮೇಷ್ಟ್ರು ‘ವಿದ್ಯಾ ಇಲ್ಲ’ ಅಂತ ಬರೆದುಕೊಂಡಿದ್ದಾರೆ. ಅದು ಹೆಸರೋ ಗೈರುಹಾಜರಿಯೋ, ನಾನಂತೂ ಕೇಳೋಕೆ ಹೋಗಿಲ್ಲ.